ಅಂಗಿಗೆ ಬುದ್ಧಿ ಬಂದದ್ದು ಯಾವಾಗ?

ದಾವಣಗೆರೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: ‘ಕಳೆದ ಸಂಚಿಕೆಯ ಉದ್ಯೋಗ ಪುಟದಲ್ಲಿ “ಸಂದರ್ಶನಕ್ಕೆ ಬುದ್ಧಿವಂತ ಉಡುಪಿನಲ್ಲಿ ಹೋಗಿ” ಎಂದು ಅಚ್ಚಾಗಿದೆ. ಅಂಗಿಗೆ ಬುದ್ಧಿ ಬಂದದ್ದು ಯಾವಾಗ? ಇದು ಇಂಗ್ಲಿಷಿನ “ಸ್ಮಾರ್ಟ್” ಪದ ಮಾಡಿದ ಅವಾಂತರವಿರಬೇಕು. ಹಾಗಾದರೆ ನಮ್ಮ ಸ್ಮಾರ್ಟ್ ಸಿಟಿ ಯಾವ ಅರ್ಥದಲ್ಲಿ ಸ್ಮಾರ್ಟ್?’

ಸಂಪಾದಕರ ಉತ್ತರ:

ಮಾನ್ಯರೇ, ತಪ್ಪು ನಮ್ಮದೇ. ಬಟ್ಟೆ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಊರಿನವರ ಮುಂದೆ ಅಂಗಿಯ ವಿಷಯದಲ್ಲೇ ಎಡವಿದೆವು. ಅನುವಾದಕರು ನಿಘಂಟಿನ ಮೊದಲ ಅರ್ಥವನ್ನು ಎತ್ತಿಟ್ಟರು. ಕರಡು ತಿದ್ದಿದ ನಾನೂ ಸುಮ್ಮನೆ ಕಣ್ಣು ಹಾಯಿಸಿ ಬಿಟ್ಟೆ. ಬ್ರಿಟನ್ನಿನವರು ಉಡುಪಿಗೆ ಈ ಪದ ಬಳಸಿದರೆ ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಶೂ ಎಂದೇ ಅರ್ಥ. ‘ಠಾಕುಠೀಕು’ ಎಂಬ ಸೊಗಸಾದ ಮಾತು ಕೈಗೆಟಕುವಂತಿತ್ತು, ನಮಗೇ ಹೊಳೆಯಲಿಲ್ಲ.

ಅಮೆರಿಕದವರ ಬಾಯಲ್ಲಿ ಈ ಪದಕ್ಕೆ ಹೆಚ್ಚಾಗಿ ಜಾಣತನದ ಅರ್ಥ. ನಮ್ಮದು ಮೂರನೆಯ ದಾರಿ. ‘ಹುಡುಗ ಸ್ಮಾರ್ಟ್ ಆಗಿದ್ದಾನೆ’ ಎಂದು ಹೆಣ್ಣಿನ ಕಡೆಯವರು ಹೇಳಿದರೆ ಅದು ಅಂಕಪಟ್ಟಿ ನೋಡಿ ಹೇಳಿದ್ದಲ್ಲ, ಮುಖ ನೋಡಿ ಹೇಳಿದ್ದು. ಅದೇ ಹುಡುಗ ಮದುವೆಯ ಮಾತುಕತೆಯಲ್ಲಿ ಹಿರಿಯರಿಗೇ ಬುದ್ಧಿ ಹೇಳಹೊರಟರೆ ‘ಓವರ್ ಸ್ಮಾರ್ಟ್’ ಆಗುತ್ತಾನೆ. ಆಗ ಬೇಕಾದ ಕನ್ನಡ ಪದ ಅಧಿಕಪ್ರಸಂಗಿ.

ನನಗೆ ನಿಜವಾಗಿ ಕುತೂಹಲ ಹುಟ್ಟಿಸುವುದು ಪದದ ಬೇರು. ಹಳೆಯ ಇಂಗ್ಲಿಷಿನಲ್ಲಿ ಇದರ ಅರ್ಥ ‘ಉರಿಯುವ, ನೋಯಿಸುವ’ ಎಂದಿತ್ತು. ನೋವಿಗೆ ಜರ್ಮನರು ಹೇಳುವ ‘ಶ್ಮೆರ್ಟ್ಸ್’ ಇದರ ದಾಯಾದಿ. ಕಣ್ಣಿಗೆ ಸೋಪಿನ ನೊರೆ ಹೋಗಿ ಉರಿದರೆ ಇಂಗ್ಲಿಷಿನವರು ಇಂದಿಗೂ ಇದೇ ಪದವನ್ನು ಕ್ರಿಯಾಪದವಾಗಿ ಬಳಸುತ್ತಾರೆ. ಚುಚ್ಚುವ ಏಟು, ಚುಚ್ಚುವ ಮಾತು, ಚುಚ್ಚುವಂತೆ ಮಾತಾಡಬಲ್ಲವನ ಜಾಣತನ, ಹೀಗೆ ಅರ್ಥ ಸರಿಯುತ್ತಾ ಬಂದು 17ನೇ ಶತಮಾನದ ಹೊತ್ತಿಗೆ ಬುದ್ಧಿಗೆ ಅಂಟಿಕೊಂಡಿತು. ಉಡುಪಿಗೆ ಅಂಟಿದ್ದು ಆಮೇಲೆ.

ಇದೇ ಹಾದಿಯ ಪದವೊಂದು ನಮ್ಮಲ್ಲೂ ಇದೆ: ಚುರುಕು. ನಿಮ್ಮೂರಿನಲ್ಲಿ ಸಂಜೆ ಮಂಡಕ್ಕಿಯ ಜೊತೆ ಬಿಸಿ ಮಿರ್ಚಿ ಕಚ್ಚಿದಾಗ ನಾಲಿಗೆ ಚುರುಗುಟ್ಟುತ್ತದೆ. ಅದನ್ನು ತಂದಿಟ್ಟ ಹುಡುಗ ನಾಲ್ಕು ಮೇಜುಗಳ ಲೆಕ್ಕವನ್ನು ಬಾಯಲ್ಲೇ ಕೂಡಿಸಿ ಹೇಳಿದರೆ ಅವನು ಚುರುಕು. ಏಪ್ರಿಲ್ ಬಿಸಿಲೂ ಚುರುಕೇ. ಸೋಮಾರಿ ಅಧಿಕಾರಿಗೆ ಮೇಲಿನವರು ಮುಟ್ಟಿಸುವುದೂ ಅದನ್ನೇ. ಉರಿಗೂ ಬುದ್ಧಿಗೂ ಎರಡೂ ನುಡಿಗಳು ಒಂದೇ ಪದ ಇಟ್ಟುಕೊಂಡಿವೆ; ಯಾರೂ ಯಾರಿಂದ ಕಲಿತದ್ದಲ್ಲ.

ಇನ್ನು ನಿಮ್ಮ ಸಿಟಿ. ಯಂತ್ರಗಳಿಗೆ ಈ ವಿಶೇಷಣ ತಗುಲಿದ್ದು ತೀರಾ ಈಚೆಗೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಗುರಿ ಹಿಡಿದು ಬೀಳುವ ಬಾಂಬಿಗೆ ಹಾಗೆಂದರು. ಮುಂದೆ ಕಾರ್ಡು, ಫೋನು, ಮೀಟರು, ಕೊನೆಗೆ ಊರಿಗೆ ಊರೇ. ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಪ್ರಕಟಿಸಿದ ಮೊದಲ 20 ನಗರಗಳ ಪಟ್ಟಿಯಲ್ಲೇ ದಾವಣಗೆರೆ ಇತ್ತು. ಅಲ್ಲಿ ಸ್ಮಾರ್ಟ್ ಎಂದರೆ ಕ್ಯಾಮೆರಾ, ಸೆನ್ಸರ್, ಕಂಪ್ಯೂಟರ್ ಹೇಳಿದಂತೆ ನಡೆಯುವ ವ್ಯವಸ್ಥೆ. ಅದು ಯೋಜನೆಯ ಹೆಸರಾದ್ದರಿಂದ ಹಾಗೆಯೇ ಅಚ್ಚು ಹಾಕುತ್ತೇವೆ, ‘ಚುರುಕು ನಗರ’ ಎಂದು ಬದಲಿಸುವುದಿಲ್ಲ. ರಸ್ತೆ ಅಗೆದಿದ್ದ ದಿನಗಳಲ್ಲಿ ಧೂಳು ಕಣ್ಣಿಗೆ ಬಿದ್ದವರು ಮಾತ್ರ ಅದರ ಅತ್ಯಂತ ಹಳೆಯ ಅರ್ಥವನ್ನೂ ಕಂಡಿರುತ್ತಾರೆ.

ಉದ್ಯೋಗ ಪುಟದ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ‘ಠಾಕುಠೀಕಾದ ಉಡುಪು’ ಎಂದು ಓದಿಕೊಳ್ಳಬೇಕಾಗಿ ವಿನಂತಿ.