ಆ ಎರಡು ಪದ ಯಾಕೆ ಬೇಡ ಎಂದೆವು

ಮಾನ್ಯರೇ,

ಮಗನಿಗೆ ಹೆಣ್ಣು ಹುಡುಕಲು ನಮ್ಮ ವಧು-ವರರ ಅಂಕಣಕ್ಕೆ ನೀವು ಕೊಟ್ಟ ಜಾಹೀರಾತಿನಿಂದ ‘ಬೆಳ್ಳಗಿನ, ತೆಳ್ಳಗಿನ’ ಎಂಬ ಎರಡು ಪದ ತೆಗೆಯಿರಿ ಎಂದು ನಮ್ಮ ಕಚೇರಿಯವರು ಹೇಳಿದ್ದು ನಿಮಗೆ ಹಿಡಿಸಿಲ್ಲ. ‘ಎತ್ತರ ಬರೆಯಬಹುದು, ಸಂಬಳ ಬರೆಯಬಹುದು, ಬಣ್ಣ ಮಾತ್ರ ಯಾಕೆ ಬೇಡ? ಮಗನಿಗೆ ಇಂಥವಳು ಇಷ್ಟ ಅನ್ನುವುದು ಅಪರಾಧವೇ?’ ಎಂದು ಕೇಳಿದ್ದೀರಿ. ಸಿನಿಮಾ ಪುಟದಲ್ಲಿ ನಟಿಯರ ಕಣ್ಣು ಹೊಗಳುವ ನಾವು ಈ ಮಾತಾಡುವುದು ಸರಿಯೇ ಎಂದೂ ಕೇಳಿದ್ದೀರಿ.

ಅಪರಾಧ ಖಂಡಿತ ಅಲ್ಲ. ಯಾರಿಗೆ ಯಾವ ಮುಖ ಹಿಡಿಸುತ್ತದೆ ಎಂಬುದಕ್ಕೆ ಯಾರೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಮನಸ್ಸಿಲ್ಲದ ಸಂಬಂಧಕ್ಕೆ ನಿಮ್ಮ ಮಗ ಹೂಂ ಅಂದರೆ ಬಾಳು ಹಾಳಾಗುವುದು ಆ ಹುಡುಗಿಯದೇ. ಆ ಇಷ್ಟವನ್ನು ಎಲ್ಲಿ, ಯಾರ ಕಿವಿಗೆ ಬೀಳುವಂತೆ ಹೇಳುತ್ತೀರಿ ಎಂಬುದಷ್ಟೇ ನಮ್ಮ ತಕರಾರು.

ನಮ್ಮಲ್ಲಿ ಈ ಮಾತು ಹುಟ್ಟುವ ಮೊದಲೇ ಶುರುವಾಗುತ್ತದೆ. ಮಗು ಬೆಳ್ಳಗಾಗಲಿ ಎಂದು ಬಸುರಿಗೆ ಕೇಸರಿ ಹಾಲು. ಹೆರಿಗೆಯಾದ ಮೇಲೆ ನೋಡಲು ಬಂದವರು ಕೂಸಿನ ಕಿವಿಯ ಅಂಚನ್ನು ಬೆರಳಲ್ಲಿ ಮಡಚಿ, ‘ಮುಂದೆ ಇದೇ ಬಣ್ಣ ಬರೋದು ನೋಡಿ’ ಎನ್ನುತ್ತಾರೆ. ಬಾಣಂತಿ ಸುಮ್ಮನೆ ಕೇಳಿಸಿಕೊಳ್ಳಬೇಕು. ಅದೇ ಕೂಸು ದೊಡ್ಡವಳಾಗಿ ನಡುಮನೆಯಲ್ಲಿ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದಂತೆ ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂಚೂರು ಕಡಿಮೆ’ ಎಂಬ ಮಾತು. ಅಡುಗೆಮನೆಯಲ್ಲಿ ನಿಂತವಳಿಗೆ ಅದು ಕೇಳಿಸುತ್ತದೆ. ಓದು ಕಡಿಮೆ ಎಂದರೆ ಇನ್ನೊಂದು ಪರೀಕ್ಷೆ ಕಟ್ಟಿಯಾಳು. ಬಣ್ಣ ಕಡಿಮೆ ಎಂದರೆ ಏನು ಮಾಡಬೇಕು?

ಏನು ಮಾಡಬೇಕೆಂದು ಹೇಳಿಕೊಟ್ಟು ದುಡ್ಡು ಮಾಡಿದವರಿದ್ದಾರೆ. ಮುಖಕ್ಕೆ ಹಚ್ಚುವ ಫೇರ್ ಅಂಡ್ ಲವ್ಲಿ ಕ್ರೀಮು ಮಾರುಕಟ್ಟೆಗೆ ಬಂದಿದ್ದು 1975ರಲ್ಲಿ. ಬೆಳ್ಳಗಾದರೆ ಕೆಲಸವೂ ಸಿಗುತ್ತದೆ, ಗಂಡನೂ ಸಿಗುತ್ತಾನೆ ಎಂದು ಅದರ ಜಾಹೀರಾತುಗಳು ವರ್ಷಗಟ್ಟಲೆ ತೋರಿಸಿದವು. ಹೆಸರಿನಿಂದ ‘ಫೇರ್’ ಹೋಗಲು 2020 ಬರಬೇಕಾಯಿತು. ಮೈಬಣ್ಣದ ಮೇಲೆ ಹುಡುಗ-ಹುಡುಗಿಯರನ್ನು ಆರಿಸುವ ಸೌಲಭ್ಯವನ್ನು ಮದುವೆ ಜಾಲತಾಣ ಶಾದಿ ಡಾಟ್ ಕಾಮ್ ತೆಗೆದುಹಾಕಿದ್ದೂ ಅದೇ ವರ್ಷ. ಇನ್ನು ಸ್ಟಿರಾಯ್ಡ್ ಮುಲಾಮು. ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚುತ್ತಾರೆ. ಮೊದಮೊದಲು ಮುಖ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತವೆ, ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಮುಖ ಕೆಂಪಾಗಿ ಉರಿಯುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಉರಿ ಇನ್ನೂ ಜಾಸ್ತಿ, ಹಾಗಾಗಿ ಮತ್ತೆ ಅದನ್ನೇ ಹಚ್ಚುತ್ತಾರೆ. ಎತ್ತರದ ಬಗ್ಗೆ ನೀವು ಹೇಳಿದ್ದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಕುಳ್ಳಗಿದ್ದೇನೆಂದು ಯಾರೂ ಹೀಗೆ ಮುಖ ಸುಟ್ಟುಕೊಳ್ಳುವುದಿಲ್ಲ.

ಈ ಹುಡುಗಿಯರೂ ನಮ್ಮ ಪತ್ರಿಕೆ ಓದುತ್ತಾರೆ. ಮನೆಯೊಳಗೆ ಆಡಿದಾಗ ನಿಮ್ಮ ಮಗನ ಇಷ್ಟವಾಗಿದ್ದ ಮಾತು, ಅಂಥದ್ದೇ ಹತ್ತಾರು ಜಾಹೀರಾತಿನ ನಡುವೆ ಅಚ್ಚಾದಾಗ ದರಪಟ್ಟಿಯಾಗುತ್ತದೆ. ಹಿಂದಿನಿಂದಲೂ ನಡೆದು ಬಂದದ್ದು ಎಂದು ಬರೆದಿದ್ದೀರಿ. ಮಹಾಭಾರತದ ದ್ರೌಪದಿ ಕಪ್ಪು ಮೈಬಣ್ಣದವಳು. ಅವಳ ಸ್ವಯಂವರಕ್ಕೆ ರಾಜರು ಮುಗಿಬಿದ್ದಿದ್ದರು.

ಸಿನಿಮಾ ಪುಟದ ವಿಷಯ. ಚೆಂದವನ್ನು ಚೆಂದ ಎನ್ನಬಾರದು ಎನ್ನುವವರ ಪೈಕಿ ನಾನಲ್ಲ. ಒಬ್ಬಳ ಕಣ್ಣು ಹೊಗಳಲು ಇನ್ನೊಬ್ಬಳನ್ನು ಕೆಳಗಿಳಿಸದಿದ್ದರೆ ಅದರಲ್ಲಿ ಅಗೌರವವಿಲ್ಲ. ನಟಿ ದಪ್ಪಗಾದಳು, ಕಳೆಗುಂದಿದಳು ಎಂಬ ಬರಹಗಳೂ ಬರುತ್ತವೆ, ಅವನ್ನು ಹಾಕುವುದಿಲ್ಲ.

ಓದು, ಉದ್ಯೋಗ, ಊರು, ಅಭಿರುಚಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲೇ ನಿಮ್ಮ ಜಾಹೀರಾತು ಬರುತ್ತದೆ. ಫೋಟೊ ಬಂದಾಗ ಮಗ ತನಗನಿಸಿದ್ದನ್ನು ನಿಮ್ಮೆದುರು ಬಿಚ್ಚಿ ಹೇಳಲಿ. ಬೇಡವೆನಿಸಿದರೆ ಹುಡುಗಿಯ ಮನೆಯವರೆಗೆ ಹೋಗಬೇಡಿ. ‘ಕೂಡಿಬರಲಿಲ್ಲ’ ಎಂದಷ್ಟೇ ತಿಳಿಸಿ, ತಡಮಾಡದೆ ತಿಳಿಸಿ. ಬ್ರೋಕರು ಕಾರಣ ಕೆದಕಿದರೂ ಬಣ್ಣದ ಮಾತು ಎತ್ತಬೇಡಿ. ಅವರಿಗೆ ಹೇಳಿದ್ದು ಸಂಜೆಯೊಳಗೆ ಆ ಹುಡುಗಿಗೆ ಮುಟ್ಟಿರುತ್ತದೆ.

— ಸಂಪಾದಕ