ಸಣ್ಣ ಸುದ್ದಿಗೂ ಕೇಳುವ ಕಿವಿ ಬೇಕು

ಹೋದ ಸಂಚಿಕೆಯಲ್ಲಿ ಓದುಗರೊಬ್ಬರ ಒಂದು ಸಾಲು ಹಾಕಿದ್ದೆ: "ಅಕ್ಕ, ನನಗೆ ತುಂಬ ಹತ್ತಿರದ ಗೆಳತಿಯ ಮುಖವನ್ನೇ ನಾನು ನೋಡಿಲ್ಲ." ಅದು ಅಚ್ಚಾಗಿದ್ದೇ ತಡ, ಆನ್‌ಲೈನ್ ಗೆಳೆತನದ ಬಗ್ಗೆಯೇ ಪತ್ರಗಳು ಬರತೊಡಗಿದವು. ಈ ಸಲದ ಅಂಕಣ ಪೂರ್ತಿ ಅವಕ್ಕೇ. ನನಗೂ ಇದು ದೂರದ ವಿಷಯವಲ್ಲ. ಪದಬಂಧ ಬಿಡಿಸುವವರ ಗುಂಪೊಂದರಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಈಗ ಅಲ್ಲಿ ಪದಬಂಧಕ್ಕಿಂತ ಮನೆ ಮಾತೇ ಜಾಸ್ತಿ.

ಪ್ರಶ್ನೆ: ಅಕ್ಕ, ಹಾಸಿಗೆ ಹಿಡಿದಿರುವ ಅಮ್ಮನನ್ನು ನಾನೇ ನೋಡಿಕೊಳ್ಳುತ್ತೇನೆ. ಅದಕ್ಕಾಗಿ ಕೆಲಸ ಬಿಟ್ಟು ಎರಡು ವರ್ಷ ಆಯಿತು. ನನ್ನ ಹಾಗೇ ಹಿರಿಯರನ್ನು ನೋಡಿಕೊಳ್ಳುವ ಒಂಬತ್ತು ಜನರ ವಾಟ್ಸಾಪ್ ಗ್ರೂಪ್ ಇದೆ. ಒಬ್ಬರನ್ನೂ ಕಣ್ಣಾರೆ ನೋಡಿಲ್ಲ. ಬೆಳಿಗ್ಗೆ ಎದ್ದ ಕೂಡಲೇ 'ರಾತ್ರಿ ನಾಲ್ಕು ಸಲ ಎದ್ದೆ' ಅಂತ ಹಾಕುತ್ತೇನೆ. ಅಮ್ಮ ತಾವೇ ಲೋಟ ಹಿಡಿದುಕೊಂಡರೆ ಅದನ್ನೂ ಹಾಕುತ್ತೇನೆ. ಮೊನ್ನೆ ನಮ್ಮವರು "ಗುರುತು ಪರಿಚಯ ಇಲ್ಲದವರಿಗೆ ಮನೆ ವಿಷಯ ಯಾಕೆ ಹೇಳ್ತೀಯಾ, ನಾನಿಲ್ವಾ?" ಅಂದರು. ಅಂದಿನಿಂದ ಮೆಸೇಜ್ ಹಾಕುವಾಗಲೆಲ್ಲ ಕದ್ದು ಏನೋ ಮಾಡುತ್ತಿದ್ದೇನೆ ಅನ್ನಿಸುತ್ತದೆ. ನಾನು ಮಾಡುತ್ತಿರುವುದು ತಪ್ಪಾ?

ತಪ್ಪಲ್ಲ, ತಾಯಿ. ಮೊದಲು ಆ ಭಾರ ಇಳಿಸಿಬಿಡಿ.

ನನ್ನ ಅಪ್ಪನಿಗೆ ಮರೆವಿನ ಕಾಯಿಲೆ ಬಂದಿತ್ತು. ಒಂದು ರಾತ್ರಿ ನೀರು ಕೊಡಲು ಹೋದೆ. ಅಪ್ಪ ನನ್ನ ಮುಖ ನೋಡಿ "ಯಾರಮ್ಮ ನೀನು?" ಅಂದರು. ಗಂಟೆ ಎರಡೂ ಮುಕ್ಕಾಲು. ಮನೆಯವರೆಲ್ಲ ಮಲಗಿದ್ದರು. ಬೆಳಕಿಗೆ ಅಪ್ಪನಿಗೆ ಮತ್ತೆ ಎಚ್ಚರ ಆಗಬಾರದು ಅಂತ ಫೋನನ್ನು ಸೆರಗಿನೊಳಗೆ ಹಿಡಿದುಕೊಂಡು ಗ್ರೂಪಿನಲ್ಲಿ ಒಂದೇ ಸಾಲು ಬರೆದೆ. ಮಗುವಿಗೆ ಹಾಲು ಕೊಡಲು ಎದ್ದಿದ್ದ ಒಬ್ಬಳು ಅದನ್ನು ನೋಡಿದಳು. ಸಮಾಧಾನ ಹೇಳಲಿಲ್ಲ, ಧೈರ್ಯವಾಗಿರು ಅನ್ನಲಿಲ್ಲ. "ಆಮೇಲೆ ನೀವು ಏನಂದ್ರಿ ಅಕ್ಕ?" ಅಂತ ಕೇಳಿದಳು, ಅಷ್ಟೇ. ನಾನು ಅರ್ಧ ಗಂಟೆ ಬರೆದೆ. ಆಮೇಲೆ ನಿದ್ದೆ ಬಂತು.

ಆ ಹೊತ್ತಿನಲ್ಲಿ ಮನೆಯವರನ್ನು ಎಬ್ಬಿಸಬಹುದಿತ್ತು. ಆದರೆ ಎಬ್ಬಿಸಿದರೆ ಅವರೂ ಅಳುತ್ತಾರೆ. ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನ ಪಾಲಿಗೇ ಬರುತ್ತದೆ. ಹೊರಗಿನವರ ಹತ್ತಿರ ಹೇಳುವುದು ಸುಲಭ ಅನ್ನಿಸುವುದು ಇದಕ್ಕೇ. ಇದು ಫೋನ್ ಬಂದ ಮೇಲೆ ಹುಟ್ಟಿದ ಚಾಳಿ ಅಲ್ಲ. ಹತ್ತಿರದವರಿಂದ ಬಚ್ಚಿಟ್ಟ ಮಾತನ್ನೂ ಜನ ಹೊರಗಿನಿಂದ ಬಂದವನ ಮುಂದೆ ಬಿಚ್ಚಿಡುತ್ತಾರೆ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮ್ಮೆಲ್ 1908ರಲ್ಲೇ ಬರೆದಿದ್ದರು. ನಮ್ಮ ಮನೆಯ ಲೆಕ್ಕಾಚಾರದೊಳಗೆ ಅವನು ಇಲ್ಲ. ಹಾಗಾಗಿ ಅವನ ಮುಂದೆ ಮಾತು ಹಗುರಾಗಿ ಬರುತ್ತದೆ.

'ನಾಲ್ಕು ಸಲ ಎದ್ದೆ' ಅಂತ ಬರೆದರೆ ಬಂದದ್ದೇನು ಅಂತ ನಿಮ್ಮವರು ಕೇಳಬಹುದು. ಅದಕ್ಕೂ ಉತ್ತರ ಇದೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಸಿಟ್ಟು, ಹೆದರಿಕೆ ತುಂಬಿದ ಮುಖಗಳ ಚಿತ್ರ ತೋರಿಸುತ್ತ ಜನರ ಮಿದುಳನ್ನು ಸ್ಕ್ಯಾನ್ ಮಾಡಿದರು. ಆ ಭಾವನೆಗೆ ಹೊಂದುವ ಪದವನ್ನು ಆರಿಸಿದಾಗ, ಭಯ ಬಂದಾಗ ಚುರುಕಾಗುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿತು. ಕಷ್ಟ ಹೋಗುವುದಿಲ್ಲ, ನಿಜ. ಅದಕ್ಕೊಂದು ಹೆಸರು ಸಿಕ್ಕರೆ ಎದೆ ಸ್ವಲ್ಪ ಸಡಿಲವಾಗುತ್ತದೆ.

ಇನ್ನು ನಿಮ್ಮವರ ಮಾತು. "ನಾನಿಲ್ವಾ?" ಅನ್ನುವುದರಲ್ಲಿ ನನಗೆ ಕೇಳಿಸಿದ್ದು ಸಿಟ್ಟಲ್ಲ, ನೋವು. ಅಮ್ಮ ಲೋಟ ಹಿಡಿದ ಸುದ್ದಿ ಒಂಬತ್ತು ಜನಕ್ಕೆ ತಲುಪಿ, ಆಮೇಲೆ ತನಗೆ ಗೊತ್ತಾಯಿತು ಅಂದರೆ ಯಾರಿಗಾದರೂ ಚುಚ್ಚುತ್ತದೆ ಅಲ್ವಾ? ಅಂಥ ಸುದ್ದಿಯನ್ನು ಮೊದಲು ಅವರಿಗೆ ಹೇಳಿ. ಗ್ರೂಪಿನಲ್ಲಿ ಬಂದ ಒಳ್ಳೆಯ ಉತ್ತರ ಒಂದೆರಡನ್ನು ಅವರಿಗೆ ಓದಿ ಹೇಳಿ. ಅಲ್ಲಿರುವವರೂ ರಾತ್ರಿ ನಿದ್ದೆಗೆಟ್ಟವರೇ ಅಂತ ಅವರಿಗೂ ಗೊತ್ತಾಗಲಿ.

ಒಂದೇ ಒಂದು ವಿಷಯದಲ್ಲಿ ನಾನು ಗಟ್ಟಿ. ಅಮ್ಮನ ಫೋಟೊ ಹಾಕಬೇಡಿ. ಬೇಡ ಅನ್ನುವ ಶಕ್ತಿ ಅವರಿಗೆ ಈಗ ಇಲ್ಲದಿರಬಹುದು. ಅವರ ಪರವಾಗಿ ನೀವೇ ಬೇಡ ಅನ್ನಬೇಕು.

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಪರೀಕ್ಷೆಯಲ್ಲಿ ಫೇಲಾದಳು. ಆ ಸಂಕಟದಲ್ಲಿ ಗೆಳತಿಯರ ಗ್ರೂಪಿನಲ್ಲಿ ಎಲ್ಲ ಬರೆದುಬಿಟ್ಟೆ, ಅವಳು ಬಚ್ಚಲಲ್ಲಿ ಕೂತು ಅತ್ತಿದ್ದನ್ನೂ. ಯಾರೋ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದ್ದಾರೆ. ಅದು ಅವಳ ತರಗತಿಯ ಹುಡುಗಿಯ ತಾಯಿಯ ಫೋನಿಗೂ ಹೋಗಿದೆ. ಮಗಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. "ಅದು ಗ್ರೂಪಿನೊಳಗೇ ಇರುತ್ತೆ ಅಂದುಕೊಂಡಿದ್ದೆ" ಅಂದರೂ ಕೇಳುತ್ತಿಲ್ಲ.

ಆ ಕೊನೆಯ ಮಾತನ್ನು ಅವಳ ಮುಂದೆ ಇನ್ನೊಮ್ಮೆ ಹೇಳಬೇಡಿ. ಸ್ಕ್ರೀನ್‌ಶಾಟ್ ತೆಗೆದವರು ಮಾಡಿದ್ದು ತಪ್ಪೇ. ಆದರೆ ಮಗಳಿಗೆ ನೋವಾಗಿರುವುದು ಅವರ ಮೇಲಲ್ಲ, ನಿಮ್ಮ ಮೇಲೆ. "ನಿನ್ನ ವಿಷಯವನ್ನು ನಿನ್ನ ಕೇಳದೆ ಹೇಳಿದೆ. ತಪ್ಪಾಯಿತು." ಇಷ್ಟೇ ಹೇಳಿ. 'ಆದರೆ' ಸೇರಿಸಬೇಡಿ. ಅವಳು ಕೂಡಲೇ ಕರಗುವುದಿಲ್ಲ. ಕಾಯಿರಿ.

ವಾಟ್ಸಾಪ್‌ನಲ್ಲಿ 2016ರಿಂದ ಮಾತೆಲ್ಲ ಗೂಢಲಿಪಿಯಲ್ಲಿ ಹೋಗುತ್ತದೆ. ನಡುವೆ ಯಾರೂ ಓದಲಾಗದು. 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಮೆಸೇಜ್ ತಾನೇ ಮಾಯವಾಗುವ ಹಾಗೂ ಮಾಡಬಹುದು. ಆದರೆ ಈ ಕಾವಲೆಲ್ಲ ದಾರಿಯಲ್ಲಿ ಮತ್ತು ಗಡುವು ಮುಗಿದ ಮೇಲೆ. ಆ ಕಡೆ ಓದುವವರ ಕೈ ಹಿಡಿದುಕೊಳ್ಳುವ ಬೀಗ ಯಾವುದೂ ಇಲ್ಲ.

ನಾನು ಕಲಿತಿರುವ ಒಂದು ಅಭ್ಯಾಸ ಹೇಳುತ್ತೇನೆ. ಬರೆದದ್ದನ್ನು ಕಳಿಸುವ ಮುಂಚೆ ಒಮ್ಮೆ ಓದಿ, ಇದರಲ್ಲಿ ನನ್ನದು ಎಷ್ಟು ಅಂತ ನೋಡುತ್ತೇನೆ. 'ಮಗಳ ಮುಂದಿನ ದಾರಿ ನೆನೆದು ನನಗೆ ಭಯ ಆಗುತ್ತಿದೆ' ಅನ್ನುವುದು ನಿಮ್ಮದು. ಅದನ್ನು ಧಾರಾಳವಾಗಿ ಹೇಳಿ. ಬಚ್ಚಲಲ್ಲಿ ಕೂತು ಅತ್ತದ್ದು ಅವಳದು.

ಪ್ರಶ್ನೆ: ಮೇಡಂ, ನಾವು ಮೂವರು ಗೆಳೆಯರು, ಬೇರೆ ಬೇರೆ ಕಡೆ ಕೆಲಸ. ದಿನಾ ರಾತ್ರಿ ಹನ್ನೊಂದಕ್ಕೆ ಶುರುವಾದರೆ ಒಂದು ಗಂಟೆ ತನಕ ಚಾಟ್ ಮಾಡುತ್ತೇವೆ. ಬರೀ ಆಫೀಸಿನ ಕಷ್ಟ, ಮೇಲಧಿಕಾರಿಯ ಕಾಟ. ಹೇಳಿಕೊಂಡರೆ ಹಗುರಾಗುತ್ತದೆ ಅನ್ನುತ್ತಾರೆ. ನನಗೆ ಮಾತ್ರ ಮಲಗುವಾಗ ಇನ್ನೂ ಭಾರ. ಯಾಕೆ?

ನಿಮ್ಮ ಅನುಭವ ಸುಳ್ಳಲ್ಲ. ಒಂದೇ ಕಷ್ಟವನ್ನು ಗೆಳೆಯರು ಸೇರಿ ಮತ್ತೆ ಮತ್ತೆ ಮೆಲುಕು ಹಾಕುವುದನ್ನು ಮನಶ್ಶಾಸ್ತ್ರಜ್ಞೆ ಅಮಾಂಡಾ ರೋಸ್ ಶಾಲಾ ಮಕ್ಕಳಲ್ಲಿ ಅಧ್ಯಯನ ಮಾಡಿ 2002ರಲ್ಲಿ ಬರೆದರು. ಹಾಗೆ ಮಾಡುವವರ ಗೆಳೆತನ ಗಾಢವಾಗಿತ್ತು. ಖಿನ್ನತೆ, ಆತಂಕವೂ ಅವರಲ್ಲಿ ಜಾಸ್ತಿ ಇತ್ತು. ಎರಡೂ ಒಟ್ಟಿಗೇ. ಅದಕ್ಕೇ ಇದನ್ನು ಬಿಡುವುದು ಕಷ್ಟ. ಮಾತು ಬಿಟ್ಟರೆ ಗೆಳೆತನವೇ ಹೋದೀತು ಅನ್ನಿಸುತ್ತದೆ.

ಹೇಳಿಕೊಂಡರೆ ಹಗುರ ಅನ್ನುವುದೂ ನಿಜವೇ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಂದ ಮನಸ್ಸಿಗೆ ತೀರಾ ನೋವಾದ ಸಂಗತಿಗಳನ್ನು ಬರೆಸಿದರು. ಬರೆದ ಕೂಡಲೇ ಅವರಿಗೆ ಸಂಕಟ ಹೆಚ್ಚಾಗಿತ್ತು. ಆದರೆ ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಯಿಲೆ ಅಂತ ವೈದ್ಯರ ಬಳಿ ಹೋದದ್ದು ಕಡಿಮೆ. ಎಷ್ಟು ಬರೆಸಿದ್ದರು ಗೊತ್ತಾ? ದಿನಕ್ಕೆ 15 ನಿಮಿಷ, ನಾಲ್ಕು ದಿನ. ಅಲ್ಲಿಗೆ ಮುಗಿಯಿತು. ನೀವು ದಿನಕ್ಕೆ ಎರಡು ಗಂಟೆ, ಕೊನೆಯೇ ಇಲ್ಲದೆ.

ಮಾತು ಬಿಡಬೇಡಿ. ಅದಕ್ಕೊಂದು ದಡ ಕಟ್ಟಿ. ಒಬ್ಬ ಹೇಳಿ ಮುಗಿಸಿದ ಮೇಲೆ ಇನ್ನೊಬ್ಬ ತನ್ನ ಕಷ್ಟ ತೆಗೆಯುವ ಮುಂಚೆ "ನಾಳೆ ಏನು ಮಾಡಬೇಕು ಅಂತಿದ್ದೀಯಾ?" ಅಂತ ಕೇಳಲಿ. ಇವತ್ತು ಚೆನ್ನಾಗಿ ಆದದ್ದು ಏನು ಅಂತಲೂ ಕೇಳಲಿ. ಬಿಟ್ಟು ಹೋದ ಬಸ್ಸು ಮತ್ತೆ ಸಿಕ್ಕಿತು ಅನ್ನುವಷ್ಟು ಸಣ್ಣದಾದರೂ ಸರಿ. ಮತ್ತೆ ಆ ಹನ್ನೊಂದು ಗಂಟೆಯನ್ನು ಒಂಬತ್ತಕ್ಕೆ ತನ್ನಿ. ನಿದ್ದೆಗೆಟ್ಟ ಕಣ್ಣಿಗೆ ಮೇಲಧಿಕಾರಿ ಇನ್ನೂ ದೊಡ್ಡದಾಗಿ ಕಾಣುತ್ತಾರೆ.

ಪ್ರಶ್ನೆ: ಎರಡು ವರ್ಷದಿಂದ ಚಾಟ್ ಮಾಡುತ್ತಿರುವ ಗೆಳೆಯ ತುರ್ತಾಗಿ ಹಣ ಬೇಕು ಅಂತ ಮೆಸೇಜ್ ಮಾಡಿದ್ದಾನೆ. ಕೊಡಲಾ?

ಮೊದಲು ಫೋನ್ ಮಾಡಿ. ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಹಳೆಯ ಮಾತೊಂದನ್ನು ಕೇಳಿ. ಬೇರೆಯವರ ಖಾತೆಯೊಳಗೆ ನುಗ್ಗಿ ಅವರ ಹೆಸರಿನಲ್ಲೇ ಹಣ ಕೇಳುವವರಿದ್ದಾರೆ. ನಿಜಕ್ಕೂ ಅವನೇ ಆಗಿದ್ದರೂ, ವಾಪಸ್ ಬರದಿದ್ದರೆ ತಡೆದುಕೊಳ್ಳುವಷ್ಟನ್ನೇ ಕೊಡಿ.

ಪ್ರಶ್ನೆ: ದಿನಾ ಬೆಳಿಗ್ಗೆ ತನ್ನ ಗಿಡಗಳ ಸುದ್ದಿ ಹಾಕುತ್ತಿದ್ದ ಗೆಳತಿ ಮೂರು ವಾರದಿಂದ ಪತ್ತೆ ಇಲ್ಲ. ಕೇಳಿದರೆ ತೊಂದರೆ ಕೊಟ್ಟ ಹಾಗಾಗುತ್ತದಾ? ಕೇಳುವಷ್ಟು ಹತ್ತಿರದವಳಾ ನಾನು ಅನ್ನುವ ಅನುಮಾನ.

ಈ ಪತ್ರ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮ ಗ್ರೂಪಿನಲ್ಲೂ ಹೀಗೇ ಆಗಿತ್ತು. ಪ್ರತಿದಿನ ಮೊದಲು ಉತ್ತರ ಹಾಕುತ್ತಿದ್ದವರು ಹನ್ನೊಂದು ದಿನ ಬರಲಿಲ್ಲ. ಎಲ್ಲರೂ ನೋಡಿದ್ದೆವು. ಎಲ್ಲರಿಗೂ ನಿಮ್ಮದೇ ಅನುಮಾನ. ಹನ್ನೆರಡನೆಯ ದಿನ ಅವರೇ ಬಂದು ತಮ್ಮ ತೀರಿಕೊಂಡ ವಿಷಯ ಹೇಳಿದರು. ಬಹಳ ದಿನದ ಮೇಲೆ ನನಗೊಬ್ಬಳಿಗೇ ಬರೆದರು: "ನಾಲ್ಕನೇ ದಿನದಿಂದ ಫೋನ್ ನೋಡ್ತಾ ಇದ್ದೆ ಅಕ್ಕ. ಯಾರಾದರೂ ಕೇಳ್ತಾರೇನೋ ಅಂತ." ಆ ಸಾಲು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಇವತ್ತೇ ಕೇಳಿ. ಗ್ರೂಪಿನಲ್ಲಿ ಬೇಡ, ಅವರಿಗೆ ನೇರವಾಗಿ. 'ಎಲ್ಲಿ ಹೋದ್ರಿ?' ಅಂತಲೂ ಬೇಡ, ಅದಕ್ಕೆ ಲೆಕ್ಕ ಒಪ್ಪಿಸಬೇಕಾಗುತ್ತದೆ. "ನಿಮ್ಮ ಗಿಡಗಳು ನೆನಪಾದವು. ಉತ್ತರ ಬರೆಯಲೇಬೇಕು ಅಂತೇನಿಲ್ಲ" ಅಂದರೆ ಸಾಕು. ಸುಮ್ಮನಾಗುವ ಮುಂಚೆ ಅವರು ಬದುಕು ಸಾಕು ಅನ್ನುವ ರೀತಿ ಏನಾದರೂ ಬರೆದಿದ್ದರೆ ಮಾತ್ರ ಬಳಸು ಮಾತು ಬೇಡ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೂಡಲೇ ಅವರ ಹತ್ತಿರ ಇರುವವರನ್ನು ಹುಡುಕಿ, ಸಹಾಯವಾಣಿಗೆ ಫೋನ್ ಮಾಡಿ.

ಆ ಹನ್ನೊಂದು ದಿನದ ನಂತರ ನಾವು ಎರಡು ಕೆಲಸ ಮಾಡಿದೆವು. ಮೂರು ದಿನ ಯಾರಾದರೂ ಕಾಣದಿದ್ದರೆ ಒಬ್ಬರು ಕೇಳುವುದು ಅಂತ ಮಾತಾಯಿತು. ಮತ್ತೆ ಪ್ರತಿಯೊಬ್ಬರೂ ತಮ್ಮ ಮನೆಯ ಒಬ್ಬರಿಗೆ ಈ ಗ್ರೂಪಿನ ವಿಷಯ ಹೇಳಿಟ್ಟಿದ್ದೇವೆ, ನಮಗೇನಾದರೂ ಆದರೆ ಇವರಿಗೂ ತಿಳಿಸಿ ಅಂತ. ಫೇಸ್‌ಬುಕ್ಕಿನಲ್ಲಿ 2015ರಿಂದ, ನಾವು ಹೋದ ಮೇಲೆ ನಮ್ಮ ಪುಟ ನೋಡಿಕೊಳ್ಳುವವರನ್ನು ಮೊದಲೇ ಆರಿಸಿಡುವ ಅನುಕೂಲ ಇದೆ. ಆದರೆ ಸಣ್ಣ ಗ್ರೂಪಿಗೆ ಒಂದು ಹೆಸರು, ಒಂದು ಫೋನ್ ನಂಬರ್ ಸಾಕು.

ಪ್ರಶ್ನೆ: ನನಗೆ 52. ಮೊನ್ನೆ ಮೊದಲ ಸಲ ಕೊಳದ ಈ ಕೊನೆಯಿಂದ ಆ ಕೊನೆಗೆ ನಿಲ್ಲದೆ ಈಜಿದೆ. ಮಕ್ಕಳ ಜೊತೆ ಕೂತು ಹದಿನಾಲ್ಕು ತಿಂಗಳು ಕಲಿತೆ. ಖುಷಿಯಿಂದ ಆನ್‌ಲೈನ್ ಗೆಳೆಯರಿಗೆ ಬರೆದೆ. ಆರು ಹೆಬ್ಬೆರಳು ಬಂದವು. ಒಬ್ಬರು "ಈ ವಯಸ್ಸಿನಲ್ಲಿ ಹುಷಾರು" ಅಂದರು. ಮೆಸೇಜ್ ಅಳಿಸಿಬಿಟ್ಟೆ. ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದು ಸಣ್ಣತನವಾ ಅಕ್ಕ?

ಖಂಡಿತ ಅಲ್ಲ. ಕಷ್ಟ ಹೇಳಿದರೆ ನಾಲ್ಕು ಜನ ಓಡಿ ಬರುತ್ತಾರೆ. ಖುಷಿ ಹೇಳಿದಾಗ ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ. ಖುಷಿಗೂ ಜೊತೆ ಬೇಕು ಅನ್ನುವುದು ನಮಗೆ ಹೊಳೆಯುವುದೇ ಇಲ್ಲ. ಶೆಲ್ಲಿ ಗೇಬಲ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು 2004ರಲ್ಲಿ ಇದನ್ನೇ ಬರೆದರು. ಒಳ್ಳೆಯ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿದಾಗ, ಸುದ್ದಿ ಕೊಟ್ಟ ಖುಷಿಯ ಮೇಲೆ ಇನ್ನಷ್ಟು ಖುಷಿ ಸೇರುತ್ತದೆ. ಕೇಳಿದವರು ಆಸೆಯಿಂದ ವಿಚಾರಿಸಿದರೆ ಸಂಬಂಧವೂ ಗಟ್ಟಿಯಾಗುತ್ತದೆ. ಬರೀ 'ಒಳ್ಳೇದು' ಅಂದು ಸುಮ್ಮನಾದರೆ ಹಾಗಾಗುವುದಿಲ್ಲ. 'ಹುಷಾರು' ಅನ್ನುವುದಂತೂ ಖುಷಿಯ ಮೇಲೆ ನೀರು ಎರಚಿದ ಹಾಗೆ, ಅಂದವರ ಮನಸ್ಸಿನಲ್ಲಿ ಕಾಳಜಿಯೇ ಇದ್ದರೂ.

ಗೆಳೆಯರನ್ನು ದೂರಬೇಡಿ. ನೂರು ಮೆಸೇಜುಗಳ ನಡುವೆ ನಿಮ್ಮದು ಒಂದು ಸಾಲಾಗಿ ಬಂದು ಹೋಗಿರುತ್ತದೆ. ಆ ಆರು ಜನರಲ್ಲಿ ಒಬ್ಬರನ್ನು ಆರಿಸಿ ಅವರಿಗೆ ಬೇರೆಯಾಗಿ ವಾಯ್ಸ್ ಮೆಸೇಜ್ ಕಳಿಸಿ. ನಿಮ್ಮ ದನಿಯಲ್ಲಿ ಇರುವುದು ಅಕ್ಷರದಲ್ಲಿ ಬಂದಿರಲಿಕ್ಕಿಲ್ಲ.

ಮತ್ತೆ ನನಗೆ ಪೂರ್ತಿ ಕಥೆ ಬೇಕು. ಮೊದಲ ದಿನ ನೀರಿಗೆ ಇಳಿದಾಗ ಪಕ್ಕದ ಮಕ್ಕಳು ಏನಂದರು? ಕಿವಿಗೆ ನೀರು ನುಗ್ಗುವ ಭಯ ಯಾವಾಗ ಹೋಯಿತು? ಆಚೆ ದಡದ ಗೋಡೆ ಬೆರಳಿಗೆ ತಾಗಿದಾಗ ಮೊದಲು ಯಾರ ನೆನಪಾಯಿತು? ಬರೆಯಿರಿ. ಉದ್ದವಾದರೂ ಪರವಾಗಿಲ್ಲ.