ಕಲ್ಲು ಆಗಿದೆ, ಮೊಸರು ಬಿಡಬೇಕಾ?

ಪ್ರಶ್ನೆ: ರಾಯಚೂರಿನಲ್ಲಿ ಲಾರಿ ಓಡಿಸುತ್ತೇನೆ, ವಯಸ್ಸು 38. ಸ್ಕ್ಯಾನಿಂಗ್‌ನಲ್ಲಿ ಮೂತ್ರನಾಳದಲ್ಲಿ 4 ಮಿ.ಮೀ. ಕಲ್ಲು ಕಂಡಿದೆ. ಹಾಲು, ಮೊಸರು ಬಿಡಬೇಕಾ? ಆಪರೇಷನ್ ಆಗಲೇಬೇಕಾ ಡಾಕ್ಟ್ರೇ?

ಉತ್ತರ: ಮೊಸರು ಬಿಡಬೇಡಿ. ಊಟದ ಜೊತೆ ತಿಂದ ಮೊಸರಿನ ಕ್ಯಾಲ್ಸಿಯಂ, ಪಾಲಕ್‌ನಂಥ ಸೊಪ್ಪಿನಲ್ಲಿರುವ, ಕಲ್ಲು ಕಟ್ಟಿಸುವ ಆಕ್ಸಲೇಟ್ ಎಂಬ ಅಂಶವನ್ನು ಕರುಳಲ್ಲೇ ಹಿಡಿದುಕೊಳ್ಳುತ್ತದೆ, ಮೂತ್ರಕ್ಕೆ ಹೆಚ್ಚು ಹೋಗಲು ಬಿಡುವುದಿಲ್ಲ. ಕಡಿಮೆ ಮಾಡಬೇಕಾದ್ದು ಉಪ್ಪು, ಉಪ್ಪಿನಕಾಯಿ. ಇಷ್ಟು ಸಣ್ಣ ಕಲ್ಲು ಬಹಳಷ್ಟು ಸಲ ಕೆಲವು ವಾರಗಳಲ್ಲಿ ತಾನಾಗೇ ಹೋಗುತ್ತದೆ. ನನಗೂ ಹೋಗಿದೆ, ಆ ನೋವು ಗೊತ್ತು. ಸ್ಟೇರಿಂಗ್ ಹಿಡಿದಾಗ ಅದು ಬಂದರೆ ಅಪಾಯ ಅಲ್ವಾ? ಕಲ್ಲು ಹೋಗುವವರೆಗೆ ಗಾಡಿ ಓಡಿಸಬೇಡಿ.

ಆಮೇಲೂ, ಗಾಡಿ ನಿಲ್ಲಿಸಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನು ಬಿಡಬೇಡಿ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಿರಿ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹಳೇ ಟೀ ಸೋಸುವ ಜರಡಿಯಲ್ಲಿ ಕಲ್ಲು ಹಿಡಿದಿಡಿ, ಲ್ಯಾಬಿಗೆ ಬೇಕು.